ಅಧ್ಯಕ್ಷರ ಮನೆಯೊಳಗಿನ ನಗೆ



ಆಳುವವರನ್ನು ಕಂಡು ನಗುವ ಹಕ್ಕಿನ ಮಾತು ಬಂದಾಗ ನಾವು ಸಾಮಾನ್ಯವಾಗಿ ನೆನೆಯುವುದು ಸೆರೆಮನೆ ಸೇರಿದ ಬರಹಗಾರರನ್ನು, ಮುಟ್ಟುಗೋಲಾದ ಪತ್ರಿಕೆಗಳನ್ನು, ಪರದೆ ಏಳುವ ಮೊದಲೇ ನಿಂತುಹೋದ ನಾಟಕಗಳನ್ನು. ನೆನೆಯಬೇಕಾದದ್ದೇ. ಇಂದು ನಾನು ಎತ್ತಿಕೊಂಡಿರುವ ಉದಾಹರಣೆ ಬೇರೆ ಬಗೆಯದು. ಅದನ್ನು ಸರ್ಕಾರ ತಡೆಯಲಿಲ್ಲ, ನ್ಯಾಯಾಲಯ ನಿಲ್ಲಿಸಲಿಲ್ಲ. ಅಧಿಕಾರದಲ್ಲಿರುವ ಅಧ್ಯಕ್ಷನೊಬ್ಬನನ್ನು, ಅವನ ಹೆಂಡತಿಯನ್ನು, ಅವನ ಸಲಹೆಗಾರನನ್ನು ಅವರವರ ಹೆಸರಿನಿಂದಲೇ ಕರೆದು, ಅವನ ವಾಸದ ಮನೆಯನ್ನೇ ರಂಗಸಜ್ಜಿಕೆ ಮಾಡಿಕೊಂಡು ಆಡಿದ ಹಾಸ್ಯ ಅದು. ‘ದಟ್ಸ್ ಮೈ ಬುಷ್!’ ಎಂಬ ಆ ದೂರದರ್ಶನ ಧಾರಾವಾಹಿ ಅಮೆರಿಕದ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ 2001ರ ಏಪ್ರಿಲ್ 4ರಂದು ಶುರುವಾಯಿತು. ವಾರಕ್ಕೊಂದರಂತೆ ಎಂಟು ಕಂತುಗಳಾಗಿ ಮೇ 23ಕ್ಕೆ ಮುಗಿಯಿತು. ಮತ್ತೆ ಬರಲಿಲ್ಲ.

ಎಂಟೇ ಕಂತು ಬಾಳಿದ ಪರದೇಶದ ಹಾಸ್ಯವೊಂದಕ್ಕೆ ಒಂದು ದತ್ತಿ ಉಪನ್ಯಾಸವನ್ನು ಮೀಸಲಿಡಬೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮೀಸಲಿಡಬೇಕು ಎಂದೇ ನನ್ನ ನಂಬಿಕೆ. ಪ್ರಜಾಪ್ರಭುತ್ವದಲ್ಲಿ ಆಳುವವನ ಮನೆಯೊಳಕ್ಕೆ ನಗೆ ಹೊಕ್ಕಾಗ ಅಧಿಕಾರಕ್ಕೆ ಏನಾಗುತ್ತದೆ, ಅದು ಕುಗ್ಗುತ್ತದೆಯೋ ಅಥವಾ ನಮಗೆ ಇನ್ನಷ್ಟು ಪ್ರಿಯವಾಗುತ್ತದೆಯೋ ಎಂಬ ಪ್ರಶ್ನೆಯನ್ನು ಈ ಪುಟ್ಟ ಧಾರಾವಾಹಿಯಷ್ಟು ನೇರವಾಗಿ ನಮ್ಮ ಮುಂದಿಟ್ಟ ಕೃತಿಗಳು ವಿರಳ. ಮೊದಲಿಗೆ ಧಾರಾವಾಹಿ ಹುಟ್ಟಿದ ಬಗೆಯನ್ನೂ ಅದರ ರಚನೆಯನ್ನೂ ವಿವರಿಸುತ್ತೇನೆ. ಆಮೇಲೆ ಅದು ಪ್ರಸಾರವಾದ ಎಂಟು ವಾರಗಳಲ್ಲಿ ನಿಜವಾದ ಶ್ವೇತಭವನದಲ್ಲಿ ನಡೆಯುತ್ತಿದ್ದುದನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. ಅದಕ್ಕೂ ಸುಮಾರು ನಲವತ್ತು ವರ್ಷ ಹಿಂದಿನ ಒಂದು ಧ್ವನಿಮುದ್ರಿಕೆಯನ್ನೂ ನಮ್ಮ ಕಡೆಯ ಒಂದೆರಡು ಉದಾಹರಣೆಗಳನ್ನೂ ಸ್ಮರಿಸಿ, ಕಡೆಯಲ್ಲಿ ಧಾರಾವಾಹಿ ನಿಂತ ಕಾರಣಕ್ಕೆ ಬರುತ್ತೇನೆ.

ಹುಟ್ಟಿನ ಕತೆಯಿಂದ ಆರಂಭಿಸೋಣ. ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಎಂಬ ಜೋಡಿ 1997ರಿಂದ ‘ಸೌತ್ ಪಾರ್ಕ್’ ಎಂಬ ವ್ಯಂಗ್ಯಚಿತ್ರ ಸರಣಿಯನ್ನು ಇದೇ ವಾಹಿನಿಗೆ ಮಾಡಿಕೊಡುತ್ತ ಹೆಸರಾಗಿದ್ದರು. 2000ದ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೋ ಅವರ ಮನೆಬದುಕನ್ನು ಹಾಸ್ಯ ಧಾರಾವಾಹಿ ಮಾಡಬೇಕೆಂದು ಇವರು ಹೊರಟರು. ಗೆಲ್ಲುವವರು ಉಪಾಧ್ಯಕ್ಷ ಆಲ್ ಗೋರ್ ಎಂದೇ ಅವರ ಲೆಕ್ಕ. ಆಗ ಬಹು ಜನಪ್ರಿಯವಾಗಿದ್ದ ‘ಎವೆರಿಬಡಿ ಲವ್ಸ್ ರೇಮಂಡ್’ ಎಂಬ ಸಾಂಸಾರಿಕ ಹಾಸ್ಯದ ಹೆಸರನ್ನು ತಿರುಚಿ ‘ಎವೆರಿಬಡಿ ಲವ್ಸ್ ಆಲ್’ ಎಂಬ ಹೆಸರನ್ನೂ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ನವೆಂಬರ್ 7ರಂದು ಮತದಾನ ಮುಗಿಯಿತು, ಫಲಿತಾಂಶ ಮಾತ್ರ ಬರಲಿಲ್ಲ. ಫ್ಲಾರಿಡಾ ರಾಜ್ಯದ ಮತಪತ್ರಗಳ ಮರುಎಣಿಕೆಯ ವ್ಯಾಜ್ಯ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡಿತು. ಕೇವಲ 537 ಮತಗಳ ಅಂತರದಲ್ಲಿ ಫ್ಲಾರಿಡಾ ಜಾರ್ಜ್ ಡಬ್ಲ್ಯೂ ಬುಷ್ ಅವರ ಪಾಲಾಯಿತು, ಅದರೊಡನೆ ಅಧ್ಯಕ್ಷ ಪದವಿಯೂ. ಧಾರಾವಾಹಿಯ ಆರಂಭ ಮುಂದಕ್ಕೆ ಹೋಯಿತು, ಅದರ ನಾಯಕ ಬದಲಾದ.

ಈ ಕೊನೆಯ ಮಾತನ್ನು ತಾವು ಗಮನಿಸಬೇಕು. ನಾಯಕ ಬದಲಾದರೂ ಯೋಜನೆ ಬದಲಾಗಲಿಲ್ಲ. ಗೋರ್ ಮತ್ತು ಬುಷ್ ಸ್ವಭಾವದಲ್ಲಿ, ನೀತಿಯಲ್ಲಿ, ಮಾತಿನ ರೀತಿಯಲ್ಲಿ ಬೇರೆ ಬೇರೆ ಲೋಕದವರು. ಒಬ್ಬರಿಗಾಗಿ ನೇಯ್ದ ಚೌಕಟ್ಟಿನಲ್ಲಿ ಇನ್ನೊಬ್ಬರನ್ನು ಕೂರಿಸಲು ಸಾಧ್ಯವಾಯಿತೆಂದರೆ ಆ ಚೌಕಟ್ಟಿನ ಗುರಿ ವ್ಯಕ್ತಿಯಾಗಿರಲಿಲ್ಲ ಎಂದಾಯಿತು. ತಮ್ಮ ಅಣಕದ ಮುಖ್ಯ ಗುರಿ ಅಮೆರಿಕದ ಸಾಂಸಾರಿಕ ಹಾಸ್ಯ ಧಾರಾವಾಹಿಯೆಂಬ ಪ್ರಕಾರವೇ ಹೊರತು ಬುಷ್ ಅಲ್ಲವೆಂದು ಕರ್ತೃಗಳೂ ಹೇಳಿದ್ದರು.

ಆ ಪ್ರಕಾರದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳದೆ ಮುಂದೆ ಹೋಗಲಾಗದು. 1951ರಲ್ಲಿ ‘ಐ ಲವ್ ಲೂಸಿ’ ಬಂದಾಗ ಪ್ರೇಕ್ಷಕರ ಎದುರಿನಲ್ಲಿ, ಏಕಕಾಲಕ್ಕೆ ಮೂರು ಕ್ಯಾಮೆರಾಗಳಿಂದ ಚಿತ್ರೀಕರಿಸುವ ಪದ್ಧತಿ ನೆಲೆಯೂರಿತು. ಅದೇ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿತಂತ್ರಜ್ಞ ಮೊದಲೇ ಮುದ್ರಿಸಿಟ್ಟ ನಗುವನ್ನು ಬೇಕಾದಲ್ಲಿ ಬೇಕಾದಷ್ಟು ಸೇರಿಸುವ ಯಂತ್ರವನ್ನು ರೂಪಿಸಿದ. ನಡುವೆ ಒಂದು ಸೋಫಾ, ಹಿಂದೆ ಮಹಡಿಗೆ ಹೋಗುವ ಮೆಟ್ಟಿಲು, ಪಕ್ಕದಲ್ಲಿ ಬಾಗಿಲು. ಒಳ್ಳೆಯವನೇ ಆದರೂ ಮಂದಬುದ್ಧಿಯ ಗಂಡ, ಸಹನೆಯ ಹೆಂಡತಿ, ಕರೆಯದೆ ಬರುವ ನೆರೆಮನೆಯಾತ, ಎಲ್ಲರಿಗೂ ಚುಚ್ಚುಮಾತಾಡುವ ಮನೆಗೆಲಸದಾಕೆ. ಗಂಡ ಒಂದು ಸುಳ್ಳು ಹೇಳುತ್ತಾನೆ, ಅದನ್ನು ಮುಚ್ಚಲು ಇನ್ನೊಂದು, ಎಲ್ಲವೂ ಬಯಲಾಗಿ ಕ್ಷಮೆ ಕೇಳುತ್ತಾನೆ, ಹೆಂಡತಿ ಕ್ಷಮಿಸುತ್ತಾಳೆ. ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷ. ಮುಂದಿನ ವಾರ ಯಾರಿಗೂ ಹಿಂದಿನ ವಾರದ ನೆನಪಿರುವುದಿಲ್ಲ.

ಪಾರ್ಕರ್ ಮತ್ತು ಸ್ಟೋನ್ ಈ ಸಾಮಗ್ರಿಯನ್ನೆಲ್ಲ ಹಾಗೆಯೇ ಎತ್ತಿ ಶ್ವೇತಭವನದಲ್ಲಿ ಇಟ್ಟರು. ಬುಷ್ ಪಾತ್ರಕ್ಕೆ ಟಿಮೊತಿ ಬಾಟಮ್ಸ್ ಬಂದರು. 1971ರ ‘ದಿ ಲಾಸ್ಟ್ ಪಿಕ್ಚರ್ ಶೋ’ ಚಿತ್ರದಲ್ಲಿ ಟೆಕ್ಸಸ್ಸಿನ ಸಣ್ಣ ಊರಿನ ಹುಡುಗನಾಗಿ ಅಭಿನಯಿಸಿ ಮೆಚ್ಚುಗೆ ಪಡೆದಿದ್ದ ಗಂಭೀರ ನಟ ಇವರು. ಮುಖಚಹರೆಯಲ್ಲಿ ಬುಷ್ ಅವರನ್ನು ಬೆರಗಾಗುವಷ್ಟು ಹೋಲುತ್ತಿದ್ದರು. ಲಾರಾ ಬುಷ್ ಆಗಿ ಕ್ಯಾರಿ ಕ್ವಿನ್ ಡೋಲಿನ್, ಸಲಹೆಗಾರ ಕಾರ್ಲ್ ರೋವ್ ಆಗಿ ಕರ್ಟ್ ಫುಲ್ಲರ್. ಇವರ ಜೊತೆಗೆ ಮೂವರು ಕಲ್ಪಿತರು: ಪ್ರಿನ್ಸೆಸ್ ಎಂಬ ಹೆಸರಿನ ಪೆದ್ದು ಕಾರ್ಯದರ್ಶಿ, ಲ್ಯಾರಿ ಎಂಬ ನೆರೆಮನೆಯಾತ, ಮ್ಯಾಗಿ ಎಂಬ ಮನೆಗೆಲಸದಾಕೆ. ಶ್ವೇತಭವನಕ್ಕೆ ನೆರೆಮನೆ ಎಲ್ಲಿಯದು? ಕಾವಲಿನವರು ಸುತ್ತುವರಿದ ಆ ಕಟ್ಟಡಕ್ಕೆ ಯಾರಾದರೂ ಬಾಗಿಲು ತಳ್ಳಿಕೊಂಡು ಬರಲಾದೀತೆ? ಆದರೂ ಲ್ಯಾರಿ ಬರುತ್ತಾನೆ. ಆ ಅಸಾಧ್ಯವನ್ನು ಧಾರಾವಾಹಿ ಒಮ್ಮೆಯೂ ವಿವರಿಸಲು ಹೋಗುವುದಿಲ್ಲ, ಅದೇ ಅದರ ಜಾಣ್ಮೆ. ಮ್ಯಾಗಿಯಾಗಿ ಅಭಿನಯಿಸಿದ ಮಾರ್ಷಾ ವಾಲೇಸ್ ಎಪ್ಪತ್ತರ ದಶಕದ ‘ದಿ ಬಾಬ್ ನ್ಯೂಹಾರ್ಟ್ ಶೋ’ದಿಂದ ಅಮೆರಿಕದ ಮನೆಮನೆಗೂ ಪರಿಚಿತರು. ಅವರು ಕಾಲಿಟ್ಟೊಡನೆ ಪ್ರೇಕ್ಷಕರಿಗೆ ತಾವು ಬಹಳ ದಿನದಿಂದ ಬಲ್ಲ ಮನೆಯೊಳಗೇ ಕೂತಿದ್ದೇವೆ ಅನ್ನಿಸುತ್ತಿತ್ತು.

ಮೊದಲ ಕಂತನ್ನೇ ನೋಡಿ. ಗರ್ಭಪಾತವನ್ನು ವಿರೋಧಿಸುವವರನ್ನೂ ಅದರ ಹಕ್ಕಿಗಾಗಿ ಹೋರಾಡುವವರನ್ನೂ ಒಂದೇ ಊಟದ ಮೇಜಿಗೆ ಕರೆದು ರಾಜಿ ಮಾಡಿಸುವ ಆಸೆ ಧಾರಾವಾಹಿಯ ಬುಷ್‌ಗೆ. ಆದರೆ ಅದೇ ರಾತ್ರಿ ಲಾರಾಳ ಜೊತೆ ಇಬ್ಬರೇ ಕೂತು ಊಟ ಮಾಡುವುದಾಗಿಯೂ ಮಾತು ಕೊಟ್ಟಿದ್ದಾನೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡುತ್ತ ಎರಡೂ ಊಟ ನಿಭಾಯಿಸುವ ಪಾಡು ಅವನದು. ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಬೇಕಾದ ಗಂಡನ ಈ ಪ್ರಸಂಗ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಸವೆದುಹೋದ ಹಳೆಯ ವಸ್ತು. ಅರ್ಧ ಶತಮಾನದಿಂದ ಆ ದೇಶವನ್ನು ಸೀಳಿರುವ ಒಂದು ನೈತಿಕ ಪ್ರಶ್ನೆ ಇಲ್ಲಿ ಊಟದ ವೇಳೆಯ ಪ್ರಶ್ನೆಯಾಗಿಬಿಡುತ್ತದೆ. ಕಂತು ಮುಗಿಯುವಾಗ ನಮಗೆ ತಿಳಿಯಬೇಕಾಗಿರುವುದು ಗರ್ಭಪಾತದ ಕಾನೂನು ಏನಾಯಿತು ಎಂಬುದಲ್ಲ, ಲಾರಾ ಕ್ಷಮಿಸಿದಳೇ ಎಂಬುದು.

ಇನ್ನೊಂದು ಅಂಶವನ್ನು ನಾನು ಬಿಡಲಾರೆ. 1955-56ರಲ್ಲಿ ಬಂದ ‘ದಿ ಹನಿಮೂನರ್ಸ್’ ಎಂಬ ಧಾರಾವಾಹಿಯಲ್ಲಿ ರಾಲ್ಫ್ ಎಂಬ ಬಸ್ ಚಾಲಕ ತನ್ನ ಹೆಂಡತಿಗೆ ಮುಷ್ಟಿ ಎತ್ತಿ ಬೆದರಿಸುತ್ತಿದ್ದ. ಹೊಡೆಯುತ್ತಿರಲಿಲ್ಲ, ಆದರೆ ಬೆದರಿಕೆಗೆ ಇಡೀ ದೇಶ ನಗುತ್ತಿತ್ತು. ‘ದಟ್ಸ್ ಮೈ ಬುಷ್!’ ಆ ಬೆದರಿಕೆಯನ್ನು ಎತ್ತಿಕೊಂಡು ಅದರ ಮೇಲಿನ ಮುಸುಕನ್ನು ತೆಗೆಯಿತು. ಮುಂದೊಂದು ದಿನ ನಿನ್ನ ಮುಖಕ್ಕೆ ಗುದ್ದುತ್ತೇನೆಂದು ಅಧ್ಯಕ್ಷ ಹೆಂಡತಿಗೆ ಹೇಳುತ್ತಾನೆ, ಮುದ್ರಿತ ನಗು ಭೋರ್ಗರೆಯುತ್ತದೆ. ನನ್ನ ದೃಷ್ಟಿಯಲ್ಲಿ ಧಾರಾವಾಹಿಯ ಅತ್ಯಂತ ತೀಕ್ಷ್ಣವಾದ ವಿಡಂಬನೆ ಇದೇ. ತಲೆಮಾರುಗಳು ಮುದ್ದಿನಿಂದ ನೋಡಿದ ಸಂಸಾರದ ಹಾಸ್ಯದೊಳಗೆ ಹಿಂಸೆಯೊಂದು ಕೂತಿತ್ತು, ನಗುವಿನ ಸದ್ದು ಅದನ್ನು ಕಾಣದಂತೆ ಮಾಡಿತ್ತು. ಅದನ್ನು ದೇಶದ ಅತ್ಯಂತ ಬಲಶಾಲಿ ಮನುಷ್ಯನ ಬಾಯಲ್ಲಿ ಇಟ್ಟಾಗ ಅದು ಕಾಣದೆ ಇರಲು ಸಾಧ್ಯವಿರಲಿಲ್ಲ. ಸಂಸಾರದ ಹಾಸ್ಯವೆಂಬ ಪ್ರಕಾರವನ್ನು ವಿಚಾರಣೆಗೆ ನಿಲ್ಲಿಸುವ ಕೆಲಸದಲ್ಲಿ ಈ ಕೃತಿ ಗೆದ್ದಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಧಿಕಾರವನ್ನು ವಿಚಾರಣೆಗೆ ನಿಲ್ಲಿಸಿತೇ? ಈಗ ಆ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಉತ್ತರ ಹುಡುಕಲು ಆ ಎಂಟು ವಾರಗಳನ್ನು ಪಂಚಾಂಗದಲ್ಲಿ ಇಟ್ಟು ನೋಡುವುದು ಒಳ್ಳೆಯದು.

2001ರ ಏಪ್ರಿಲ್ 1ರಂದು ಅಮೆರಿಕದ ನೌಕಾಪಡೆಯ ಬೇಹು ವಿಮಾನವೊಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಚೀನಾದ ಯುದ್ಧವಿಮಾನಕ್ಕೆ ಡಿಕ್ಕಿಯಾಗಿ ಹೈನಾನ್ ದ್ವೀಪದಲ್ಲಿ ಇಳಿಯಿತು. ಚೀನಾದ ಪೈಲಟ್ ಸತ್ತ. ವಿಮಾನದಲ್ಲಿದ್ದ 24 ಮಂದಿ ಏಪ್ರಿಲ್ 11ರವರೆಗೆ ಚೀನಾದ ವಶದಲ್ಲಿದ್ದರು. ಧಾರಾವಾಹಿಯ ಬುಷ್ ಎರಡು ಊಟಗಳ ನಡುವೆ ಓಡಾಡಿದ ಏಪ್ರಿಲ್ 4ರ ರಾತ್ರಿ ನಿಜವಾದ ಬುಷ್ ಅವರ ಆಡಳಿತ ತನ್ನ ಮೊದಲ ಅಂತರರಾಷ್ಟ್ರೀಯ ಬಿಕ್ಕಟ್ಟಿನ ನಡುವೆ ಇತ್ತು. ಇದು ಕಾಕತಾಳೀಯ, ಕರ್ತೃಗಳ ತಪ್ಪಲ್ಲ. ಆದರೆ ಎರಡನೆಯ ಕಂತಿನ ವಿಷಯದಲ್ಲಿ ಹಾಗೆ ಹೇಳಿ ಬಿಟ್ಟುಬಿಡಲಾಗದು.

ಆ ಕಂತಿನ ವಸ್ತು ಮರಣದಂಡನೆ. ಅಧ್ಯಕ್ಷನ ಹಳೆಯ ಕಾಲೇಜು ಗೆಳೆಯರು ಬರುತ್ತಾರೆ, ಅವರ ತರಲೆ ಮತ್ತು ಗಲ್ಲಿಗೇರಿಸುವ ವಿಚಾರ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಈಗ ವಾಸ್ತವಕ್ಕೆ ಬರೋಣ. ಬುಷ್ ಅವರು ಟೆಕ್ಸಸ್ ರಾಜ್ಯದ ಗವರ್ನರ್ ಆಗಿದ್ದ 1995ರಿಂದ 2000ದವರೆಗಿನ ಅವಧಿಯಲ್ಲಿ ಅಲ್ಲಿ 152 ಮಂದಿಗೆ ಮರಣದಂಡನೆ ಜಾರಿಯಾಯಿತು. ಆಧುನಿಕ ಅಮೆರಿಕದಲ್ಲಿ ಅಲ್ಲಿಯವರೆಗೆ ಬೇರಾವ ಗವರ್ನರ್ ಕಾಲದಲ್ಲೂ ಅಷ್ಟು ಆಗಿರಲಿಲ್ಲ. 1995ರ ಓಕ್ಲಹೋಮ ನಗರದ ಬಾಂಬ್ ಸ್ಫೋಟದಲ್ಲಿ 168 ಜನರನ್ನು ಕೊಂದ ಟಿಮೊತಿ ಮಕ್ವೇಗೆ ಮರಣದಂಡನೆ ನಿಗದಿಯಾಗಿದ್ದುದು 2001ರ ಮೇ 16ಕ್ಕೆ, ಅಂದರೆ ಈ ಧಾರಾವಾಹಿಯ ಏಳನೆಯ ಕಂತು ಬರಬೇಕಿದ್ದ ದಿನಕ್ಕೆ. ತನಿಖಾ ಸಂಸ್ಥೆ ಕೆಲವು ದಾಖಲೆಗಳನ್ನು ಪ್ರತಿವಾದಿಗಳಿಗೆ ಕೊಟ್ಟಿರಲಿಲ್ಲವೆಂಬುದು ಹೊರಬಿದ್ದು ಅದು ಮುಂದಕ್ಕೆ ಹೋಗಿ ಜೂನ್ 11ರಂದು ಜಾರಿಯಾಯಿತು. 1963ರ ನಂತರ ಅಮೆರಿಕದ ಕೇಂದ್ರ ಸರ್ಕಾರ ಜಾರಿಗೊಳಿಸಿದ ಮೊದಲ ಮರಣದಂಡನೆ ಅದು.

152 ಎಂಬ ಸಂಖ್ಯೆಯನ್ನು ತಾವು ಮನಸ್ಸಿನಲ್ಲಿಟ್ಟುಕೊಂಡು ಆ ಕಂತನ್ನು ಕಲ್ಪಿಸಿಕೊಳ್ಳಿ. ಗವರ್ನರ್ ಒಬ್ಬರು ತಮ್ಮ ಕಚೇರಿಯಲ್ಲಿ ಕೂತು, ಕ್ಷಮಾದಾನದ ಅರ್ಜಿಯ ಮೇಲಿನ ಟಿಪ್ಪಣಿಯನ್ನು ಓದಿ, ಸಂಜೆಯೊಳಗೆ ತೀರ್ಮಾನ ಹೇಳುವುದು ಒಂದು ಕಚೇರಿಯ ಕೆಲಸ. ಅದಕ್ಕೆ ಕಡತವಿದೆ, ಕಾನೂನಿದೆ, ಸಹಿ ಇದೆ. ಅದನ್ನು ಮನೆಯ ನಡುಕೋಣೆಗೆ ತಂದೊಡನೆ ಕಡತ ಮಾಯವಾಗುತ್ತದೆ. ಉಳಿಯುವುದು ಗೆಳೆಯರ ಮುಂದೆ ಬೀಗಲು ಹೋಗಿ ಪೇಚಿಗೆ ಸಿಕ್ಕಿದ ಒಬ್ಬ ಗಂಡಸು. ಅವನನ್ನು ಕಂಡು ನಮಗೆ ಸಿಟ್ಟು ಬರುವುದಿಲ್ಲ. ಅವನು ನಮ್ಮ ಷಡ್ಡಕನಂತೆ, ನಮ್ಮ ಚಿಕ್ಕಪ್ಪನಂತೆ ಕಾಣುತ್ತಾನೆ. ನಾವು ಮನೆಯವರನ್ನು ಕ್ಷಮಿಸುವಷ್ಟು ಸುಲಭವಾಗಿ ಸರ್ಕಾರವನ್ನು ಕ್ಷಮಿಸಬಾರದು. ಆದರೆ ಸರ್ಕಾರ ಮನೆಯವನ ವೇಷದಲ್ಲಿ ಬಂದಾಗ ಮನಸ್ಸು ಹಳೆಯ ಅಭ್ಯಾಸದಂತೆ ಕ್ಷಮಿಸಿಬಿಡುತ್ತದೆ.

ಇದೇ ಮಾತನ್ನು ಇನ್ನೊಂದು ಕಂತಿನ ಬಗ್ಗೆಯೂ ಹೇಳಬಹುದು. ಅಲಾಸ್ಕಾದಲ್ಲಿ ತೈಲಕ್ಕಾಗಿ ನೆಲ ಕೊರೆಯುವ ವಿಚಾರವನ್ನು ಧಾರಾವಾಹಿ ಎತ್ತಿಕೊಂಡಿತು. ಅದೇ ಮೇ 17ರಂದು ನಿಜವಾದ ಬುಷ್ ಆಡಳಿತ ತನ್ನ ಇಂಧನ ನೀತಿಯನ್ನು ಪ್ರಕಟಿಸಿ ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದ ಒಂದು ಭಾಗದಲ್ಲಿ ತೈಲ ತೆಗೆಯಬೇಕೆಂದು ಹೇಳಿತು. ಆ ನೀತಿಯನ್ನು ಸಿದ್ಧಪಡಿಸಿದ್ದು ಉಪಾಧ್ಯಕ್ಷ ಡಿಕ್ ಚೆನಿ ಅವರ ನೇತೃತ್ವದ ತಂಡ. ಆ ತಂಡ ಯಾರು ಯಾರನ್ನು ಭೇಟಿ ಮಾಡಿತ್ತೆಂಬ ವಿವರ ಕೊಡಲು ಒಪ್ಪದೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಧಿಕಾರ ನಿಜವಾಗಿ ಕೆಲಸ ಮಾಡುತ್ತಿದ್ದುದು ಆ ಮುಚ್ಚಿದ ಸಭೆಗಳಲ್ಲಿ. ಅಲ್ಲಿ ಸೋಫಾ ಇರಲಿಲ್ಲ, ನೆರೆಮನೆಯ ಲ್ಯಾರಿಗೆ ಪ್ರವೇಶವೂ ಇರಲಿಲ್ಲ.

ಆಳುವವನ ಅಂತಃಪುರವನ್ನು ಹಾಸ್ಯದ ನೆಲೆ ಮಾಡಿದಾಗ ರಾಜ್ಯದ ವ್ಯವಹಾರ ಹಿನ್ನೆಲೆಗೆ ಸರಿಯುವುದು ಅಮೆರಿಕದ ದೂರದರ್ಶನ ಕಂಡುಹಿಡಿದದ್ದೇನೂ ಅಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ವನ್ನು ನಾವೆಲ್ಲ ಓದಿದ್ದೇವೆ. ಶುಂಗವಂಶದ ಅಗ್ನಿಮಿತ್ರ ರಾಣಿ ಧಾರಿಣಿಯ ಪರಿವಾರದ ಹುಡುಗಿ ಮಾಲವಿಕೆಗೆ ಮನಸೋತು ಕದ್ದುಮುಚ್ಚಿ ಓಡಾಡುತ್ತಾನೆ. ವಿದೂಷಕ ಗೌತಮ ಹಾವು ಕಚ್ಚಿತೆಂದು ನಟಿಸಿ ರಾಣಿಯ ಮುದ್ರೆಯುಂಗುರವನ್ನೇ ಪಡೆದು ಮಾಲವಿಕೆಯನ್ನು ಬಂಧನದಿಂದ ಬಿಡಿಸುತ್ತಾನೆ. ಅದೇ ನಾಟಕದಲ್ಲಿ ವಿದರ್ಭದ ಮೇಲೆ ಯುದ್ಧ ನಡೆಯುತ್ತದೆ, ಆ ರಾಜ್ಯ ಇಬ್ಭಾಗವಾಗುತ್ತದೆ, ಸಿಂಧೂ ತೀರದಲ್ಲಿ ಯವನರೊಡನೆ ಕಾಳಗವಾಗುತ್ತದೆ. ಎಲ್ಲವೂ ನೇಪಥ್ಯದಲ್ಲಿ. ಯುದ್ಧದ ಗೆಲುವು ಓಲೆಯ ಮೂಲಕ ಬಂದು ಮುಟ್ಟುತ್ತದೆ. ರಂಗದ ಮೇಲಿರುವುದು ಹೆಂಡತಿಗೆ ಹೆದರುವ ಗಂಡ, ಅವನಿಗಾಗಿ ಉಪಾಯ ಹೂಡುವ ಗೆಳೆಯ. ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ಕಾಳಿದಾಸನ ಕಾಲಕ್ಕೆ ಅಗ್ನಿಮಿತ್ರ ಸತ್ತು ಶತಮಾನಗಳೇ ಕಳೆದಿದ್ದವು. ‘ದಟ್ಸ್ ಮೈ ಬುಷ್!’ ಪ್ರಸಾರವಾದಾಗ ಬುಷ್ ಅವರು ಸಿಂಹಾಸನವೇರಿ ಮೂರು ತಿಂಗಳೂ ತುಂಬಿರಲಿಲ್ಲ.

ಬದುಕಿರುವ ಅರಸನ ಮನೆಯೊಳಕ್ಕೆ ಹೀಗೆ ಅಂಜದೆ ನುಗ್ಗುವ ಸ್ವಾತಂತ್ರ್ಯವನ್ನು ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿದಿದ್ದೇನೆ. ಧಾರಾವಾಹಿಯ ಮಿತಿಯನ್ನು ಹೇಳುವಾಗ ಇದನ್ನು ಮರೆಯುವಂತಿಲ್ಲ. ಅಮೆರಿಕದಲ್ಲಿ ಈ ಸ್ವಾತಂತ್ರ್ಯ ಕಾನೂನಿನ ಗಟ್ಟಿ ನೆಲದ ಮೇಲೆ ನಿಂತಿದೆ. 1988ರಲ್ಲಿ ಜೆರಿ ಫಾಲ್ವೆಲ್ ಎಂಬ ಪ್ರಭಾವಿ ಧರ್ಮಬೋಧಕರು ತಮ್ಮನ್ನೂ ತಮ್ಮ ತಾಯಿಯನ್ನೂ ಅಸಹ್ಯವಾಗಿ ಅಣಕಿಸಿದ ಪತ್ರಿಕೆಯೊಂದರ ಮೇಲೆ ಹೂಡಿದ್ದ ದಾವೆ ಸುಪ್ರೀಂ ಕೋರ್ಟಿಗೆ ಬಂತು. ಸಂಪ್ರದಾಯವಾದಿಯೆಂದೇ ಹೆಸರಾದ ಮುಖ್ಯ ನ್ಯಾಯಮೂರ್ತಿ ರೆಂಕ್ವಿಸ್ಟ್ ಅವರೇ ತೀರ್ಪು ಬರೆದರು. ವಾಸ್ತವ ಸಂಗತಿಯೆಂದು ಯಾರೂ ನಂಬಲಾಗದ ಅಣಕವು ಸಾರ್ವಜನಿಕ ವ್ಯಕ್ತಿಯ ಮನಸ್ಸಿಗೆ ಎಷ್ಟೇ ನೋವು ಮಾಡಿದರೂ ಅದಕ್ಕೆ ಸಂವಿಧಾನದ ರಕ್ಷಣೆ ಉಂಟೆಂದು ಆ ತೀರ್ಪು ಹೇಳಿತು. ಭಾಗವಹಿಸಿದ ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಭಿನ್ನ ತೀರ್ಪು ಕೊಡಲಿಲ್ಲ. ಪಾರ್ಕರ್ ಮತ್ತು ಸ್ಟೋನ್ ಆಡಿದ್ದು ಈ ಅಂಗಳದಲ್ಲಿ.

ಮೂರನೆಯ ವಿಷಯಕ್ಕೆ ಬರೋಣ. ಹಾಲಿ ಅಧ್ಯಕ್ಷರ ಸಂಸಾರವನ್ನು ಅಣಕಿಸಿ ಅಮೆರಿಕದಲ್ಲಿ ಅಪಾರ ಯಶಸ್ಸು ಕಂಡ ಮೊದಲ ಕೃತಿ ‘ದಿ ಫಸ್ಟ್ ಫ್ಯಾಮಿಲಿ’ ಎಂಬ ಧ್ವನಿಮುದ್ರಿಕೆ. ವಾನ್ ಮೀಡರ್ ಎಂಬ ಇಪ್ಪತ್ತಾರರ ಯುವಕ ಜಾನ್ ಕೆನಡಿಯವರ ಬಾಸ್ಟನ್ ಉಚ್ಚಾರವನ್ನು ತದ್ವತ್ತಾಗಿ ಆಡುತ್ತಿದ್ದ. 1962ರ ಅಕ್ಟೋಬರ್ 22ರ ರಾತ್ರಿ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಪ್ರೇಕ್ಷಕರ ಎದುರು ಅದರ ಮುದ್ರಣವಾಯಿತು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ ಎಂದು ಕೆನಡಿಯವರು ದೇಶಕ್ಕೆ ತಿಳಿಸಿದ್ದು ಅದೇ ರಾತ್ರಿ. ಸ್ಟುಡಿಯೊದ ಒಳಗಿದ್ದ ಪ್ರೇಕ್ಷಕರು ಆ ಭಾಷಣವನ್ನು ಕೇಳಿರಲಿಲ್ಲ, ಮನಸಾರೆ ನಕ್ಕರು. ಜಗತ್ತು ಅಣುಯುದ್ಧದ ಅಂಚಿನಲ್ಲಿ ನಿಂತಿದ್ದಾಗ ದಾಖಲಾದ ಆ ನಗು ಇವತ್ತಿಗೂ ಆ ಮುದ್ರಿಕೆಯಲ್ಲಿದೆ.

ನವೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಅದು ಮಾರಾಟವಾದ ವೇಗಕ್ಕೆ ಹಿಂದೆ ಸಾಟಿ ಇರಲಿಲ್ಲ. ಒಟ್ಟು 75 ಲಕ್ಷ ಪ್ರತಿಗಳು ಖರ್ಚಾದವು, ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದರ ಒಂದು ಪ್ರಸಂಗದಲ್ಲಿ ಅಧ್ಯಕ್ಷರು ಮಕ್ಕಳ ಸ್ನಾನದ ಆಟಿಕೆಗಳನ್ನು ಒಪ್ಪಂದ ಮಾಡಿಸುವ ಗಾಂಭೀರ್ಯದಿಂದ ಹಂಚುತ್ತಾರೆ, ರಬ್ಬರಿನ ಹಂಸ ಮಾತ್ರ ತಮ್ಮದೆಂದು ಉಳಿಸಿಕೊಳ್ಳುತ್ತಾರೆ. ಪತ್ರಿಕಾಗೋಷ್ಠಿಯಲ್ಲಿ ಈ ಬಗ್ಗೆ ಕೇಳಿದಾಗ ಆ ಧ್ವನಿ ನನಗಿಂತ ನನ್ನ ತಮ್ಮ ಟೆಡ್ಡಿಯದರಂತೆ ಕೇಳಿಸಿತು ಎಂದು ಕೆನಡಿಯವರು ನಗೆಯಾಡಿದರು. ಅಣಕಿಸಿಕೊಂಡವರೇ ಅಣಕಕ್ಕೆ ಮೆರುಗು ಕೊಟ್ಟ ಕ್ಷಣ ಅದು. ಸುಂದರವಾದ ಮನೆ, ಮುದ್ದು ಮಕ್ಕಳು, ಚೆಲುವೆಯಾದ ಹೆಂಡತಿ: ಕೆನಡಿಯವರ ಆಪ್ತರು ಪತ್ರಿಕೆಗಳ ಮೂಲಕ ದೇಶಕ್ಕೆ ತೋರಿಸಬಯಸಿದ್ದೂ ಈ ಚಿತ್ರವನ್ನೇ. ಮೀಡರ್ ಅದನ್ನು ಹರಿಯಲಿಲ್ಲ, ಮನೆಮನೆಗೆ ಹಂಚಿದ.

1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಕೆನಡಿಯವರ ಹತ್ಯೆಯಾಯಿತು. ನಿರ್ಮಾಪಕರು ಮುದ್ರಿಕೆಯನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡರು. ವಾನ್ ಮೀಡರ್ 2004ರವರೆಗೆ ಬದುಕಿದ್ದ, ಆದರೆ ಆ ಧ್ವನಿಯಿಂದ ಬೇರೆಯಾದ ಕಲಾವಿದನಾಗಿ ಜನ ಅವನನ್ನು ಒಪ್ಪಲಿಲ್ಲ. ಅಧ್ಯಕ್ಷರನ್ನು ಮನೆಯ ಮನುಷ್ಯನಾಗಿಸಿದ ಹಾಸ್ಯಕ್ಕೆ ಒದಗಿದ ವಿಚಿತ್ರ ಗತಿ ಇದು. ಕೇಳುಗರು ಕೆನಡಿಯವರನ್ನು ತಮ್ಮ ಮನೆಯವರೆಂದೇ ಭಾವಿಸಿದ್ದರು. ಮನೆಯಲ್ಲಿ ಸಾವಾದಾಗ ಯಾರೂ ಸತ್ತವರ ಧ್ವನಿಯನ್ನು ಅಣಕಿಸುವುದಿಲ್ಲ.

ಇಂಗ್ಲೆಂಡಿನಲ್ಲಿ 1981ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಪತಿ ಡೆನಿಸ್ ಅವರನ್ನು ಕುರಿತ ‘ಎನಿವನ್ ಫಾರ್ ಡೆನಿಸ್?’ ಎಂಬ ಪ್ರಹಸನ ಲಂಡನ್ನಿನ ರಂಗಮಂದಿರದಲ್ಲಿ ನಡೆದಾಗ ಪ್ರಧಾನಿ ದಂಪತಿ ತಾವೇ ಹೋಗಿ ನೋಡಿ ಬಂದರು. ಅಧಿಕಾರಕ್ಕೆ ಗೊತ್ತು: ಮನೆಯ ಬಗ್ಗೆ ನಗುವವರ ಪಕ್ಕದಲ್ಲಿ ಕೂತು ನಕ್ಕರೆ ತನಗೆ ನಷ್ಟವಿಲ್ಲ.

ನಮ್ಮ ನೆಲದ ವ್ಯಂಗ್ಯ ಪರಂಪರೆಯನ್ನು ಇದರ ಎದುರಿಗಿಟ್ಟರೆ ಒಂದು ಭೇದ ಎದ್ದು ಕಾಣುತ್ತದೆ. 1948ರಲ್ಲಿ ‘ಶಂಕರ್ಸ್ ವೀಕ್ಲಿ’ ಬಿಡುಗಡೆಯಾದಾಗ ತಮ್ಮನ್ನೂ ಬಿಡಬೇಡಿ ಎಂದು ನೆಹರೂ ಅವರು ಶಂಕರ್‌ಗೆ ಹೇಳಿದ್ದು ಪ್ರಸಿದ್ಧ. ಶಂಕರ್ ಬಿಡಲಿಲ್ಲ. ಆದರೆ ಅವರ ಕುಂಚ ಹಿಡಿದದ್ದು ಸಂಸತ್ತಿನ, ಸಂಪುಟದ, ಸಮ್ಮೇಳನದ ನೆಹರೂ ಅವರನ್ನು. ಕೊನೆಗೆ ಆ ಪತ್ರಿಕೆ 1975ರಲ್ಲಿ, ತುರ್ತುಪರಿಸ್ಥಿತಿಯ ವರ್ಷದಲ್ಲಿ, ನಿಂತಿತು. ಇನ್ನೊಬ್ಬರು ನಮ್ಮವರೇ ಆದ ಆರ್. ಕೆ. ಲಕ್ಷ್ಮಣ್. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಮುಂದೆ ಮುಂಬಯಿಯ ಪತ್ರಿಕೆಯಲ್ಲಿ ಅವರು ಸೃಷ್ಟಿಸಿದ ಶ್ರೀಸಾಮಾನ್ಯ, ಆ ಚೌಕಳಿ ಕೋಟಿನ, ಪಂಚೆಯ ವೃದ್ಧ, ದಶಕಗಳ ಕಾಲ ಬಾಯಿ ಬಿಡದೆ ಎಲ್ಲವನ್ನೂ ನೋಡಿದ. ಲಕ್ಷ್ಮಣ್ ಅವರ ಚಿತ್ರಗಳಲ್ಲಿ ಮನೆ ಬಂದರೆ ಅದು ಬಹುಮಟ್ಟಿಗೆ ಪ್ರಜೆಯ ಮನೆ. ಏರಿದ ಬೆಲೆ, ಬಾರದ ನೀರು, ಮುಗಿಯದ ಪಡಿತರದ ಸಾಲು ಆ ಮನೆಗೆ ತಟ್ಟುತ್ತವೆ. ಮಂತ್ರಿ ಕಾಣಿಸಿಕೊಳ್ಳುವುದು ವೇದಿಕೆಯ ಮೇಲೆ, ವಿಮಾನದ ಮೆಟ್ಟಿಲ ಮೇಲೆ, ಕಡತಗಳ ಹಿಂದೆ.

ಈ ಎರಡು ದಿಕ್ಕುಗಳಲ್ಲಿ ನನಗೆ ಲಕ್ಷ್ಮಣ್ ಅವರ ದಿಕ್ಕು ಹೆಚ್ಚು ಮಹತ್ವದ್ದೆನಿಸುತ್ತದೆ. ಆಳುವವನ ತೀರ್ಮಾನವನ್ನು ಆಳಿಸಿಕೊಳ್ಳುವವನ ಅಡುಗೆಮನೆಯವರೆಗೆ ಹಿಂಬಾಲಿಸಿ ಹೋಗುವ ವ್ಯಂಗ್ಯ ಅಧಿಕಾರದ ಪರಿಣಾಮವನ್ನು ತೋರಿಸುತ್ತದೆ. ಆಳುವವನ ಅಡುಗೆಮನೆಗೆ ನಮ್ಮನ್ನು ಕರೆದೊಯ್ಯುವ ವ್ಯಂಗ್ಯ ಅವನ ದೌರ್ಬಲ್ಯವನ್ನು ತೋರಿಸುತ್ತದೆ. ಪರಿಣಾಮಕ್ಕೆ ಹೊಣೆ ಕೇಳಬಹುದು. ದೌರ್ಬಲ್ಯವನ್ನು ಕಂಡವರು ಕನಿಕರಪಡುತ್ತಾರೆ.

ಇನ್ನು ಕೊನೆಯ ಭಾಗ, ಧಾರಾವಾಹಿ ನಿಂತ ಬಗೆ. ವಿಮರ್ಶಕರಲ್ಲಿ ಹಲವರು ಅದನ್ನು ಹೊಗಳಿದ್ದರು. ಕೊನೆಯ ಕಂತಿನಲ್ಲಿ ಧಾರಾವಾಹಿಯ ಬುಷ್ ಅಧ್ಯಕ್ಷ ಪದವಿಯನ್ನೇ ಕಳೆದುಕೊಂಡು ಕೆಲಸ ಹುಡುಕುವ ಸ್ಥಿತಿಗೆ ಬರುತ್ತಾನೆ. ಅದು ಪ್ರಸಾರವಾದದ್ದು ಮೇ 23ಕ್ಕೆ. ಮರುದಿನವೇ, ಮೇ 24ರಂದು, ವರ್ಮಾಂಟಿನ ಸೆನೆಟರ್ ಜಿಮ್ ಜೆಫರ್ಡ್ಸ್ ಬುಷ್ ಅವರ ರಿಪಬ್ಲಿಕನ್ ಪಕ್ಷವನ್ನು ತೊರೆಯುವುದಾಗಿ ಪ್ರಕಟಿಸಿದರು, ಸೆನೆಟ್ ವಿರೋಧ ಪಕ್ಷದ ಕೈಗೆ ಹೋಯಿತು. ಅಷ್ಟು ಹೊತ್ತಿಗೆ ಧಾರಾವಾಹಿಗೆ ಮುಂದಿನ ವಾರವಿರಲಿಲ್ಲ. ಶ್ವೇತಭವನದ ಒಳಾಂಗಣವನ್ನು ಕಟ್ಟಿ, ಪೂರ್ಣ ಪ್ರಮಾಣದ ನಟವರ್ಗವನ್ನಿಟ್ಟುಕೊಂಡು ಮಾಡಿದ ಕೆಲಸ ದುಬಾರಿಯಾಗಿತ್ತು. ಕಂತೊಂದಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ತಗಲುತ್ತಿತ್ತೆಂದು ಆಗ ವರದಿಯಾಯಿತು. ಸಣ್ಣ ಕೇಬಲ್ ವಾಹಿನಿಗೆ ಅದು ತಾಳುವ ವೆಚ್ಚವಾಗಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ವಾಹಿನಿ ಅದನ್ನು ರದ್ದು ಮಾಡಿತು.

ತಿಂಗಳೊಂದು ಕಳೆಯುವಷ್ಟರಲ್ಲಿ ಸೆಪ್ಟೆಂಬರ್ 11 ಬಂತು. ಹಾಗಾಗಿ ಈ ಧಾರಾವಾಹಿಯನ್ನು ಭಯೋತ್ಪಾದಕ ದಾಳಿಯೇ ನಿಲ್ಲಿಸಿತೆಂದು ಬಹಳ ಜನ ಇಂದಿಗೂ ತಿಳಿದಿದ್ದಾರೆ. ಅದು ನಿಜವಲ್ಲ. ನಿಲ್ಲಿಸಿದ್ದು ಲೆಕ್ಕಪತ್ರ. ವಿಡಂಬನೆಯ ಬಗ್ಗೆ ಕಾಳಜಿ ಇರುವವರು ಇದನ್ನು ಸರಿಯಾಗಿ ತಿಳಿದಿರಬೇಕೆಂದು ನಾನು ಒತ್ತಿ ಹೇಳುತ್ತೇನೆ. ನ್ಯಾಯಾಲಯದ ತೀರ್ಪು ಕಲಾವಿದನನ್ನು ಸರ್ಕಾರದಿಂದ ಕಾಪಾಡಬಲ್ಲುದು, ರಂಗಸಜ್ಜಿಕೆಯ ಬಾಡಿಗೆ ಕಟ್ಟಲಾರದು. ಆದರೆ ಧಾರಾವಾಹಿ ಮುಂದುವರಿದಿದ್ದರೂ ಸೆಪ್ಟೆಂಬರ್ 11ರ ನಂತರ ಉಳಿಯುತ್ತಿರಲಿಲ್ಲ ಎಂಬುದೂ ನಿಜವೇ. ಕರ್ತೃಗಳೇ ಹಾಗೆ ಹೇಳಿದ್ದಾರೆ. ಆ ತಿಂಗಳ 21-22ರ ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರ ಆಡಳಿತವನ್ನು ಮೆಚ್ಚಿದವರ ಪ್ರಮಾಣ ಶೇಕಡ 90ಕ್ಕೆ ಏರಿತ್ತು. 537 ಮತಗಳ ಅಧ್ಯಕ್ಷರು ಇಡೀ ದೇಶದ ಸೇನಾಧಿಪತಿಯಾಗಿದ್ದರು.

ಬುಷ್ ಪಾತ್ರ ಮಾಡಿದ ನಟನಿಗೆ ಮುಂದೆ ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. ಟಿಮೊತಿ ಬಾಟಮ್ಸ್ 2002ರಲ್ಲಿ ಮೊಸಳೆ ಹಿಡಿಯುವ ಸ್ಟೀವ್ ಅರ್ವಿನ್ ಅವರ ಚಲನಚಿತ್ರದಲ್ಲಿ ಅಧ್ಯಕ್ಷ ಬುಷ್ ಆಗಿ ಮತ್ತೊಮ್ಮೆ ಚಿಕ್ಕದೊಂದು ಪಾತ್ರ ಮಾಡಿದರು. 2003ರ ಸೆಪ್ಟೆಂಬರಿನಲ್ಲಿ ಷೋಟೈಮ್ ವಾಹಿನಿ ‘ಡಿಸಿ 9/11: ಟೈಮ್ ಆಫ್ ಕ್ರೈಸಿಸ್’ ಎಂಬ ಚಿತ್ರವನ್ನು ಪ್ರಸಾರ ಮಾಡಿತು. ದಾಳಿಯ ನಂತರದ ದಿನಗಳಲ್ಲಿ ಶ್ವೇತಭವನ ಹೇಗೆ ನಡೆದುಕೊಂಡಿತೆಂಬುದನ್ನು ಮೆಚ್ಚುಗೆಯಿಂದ, ಒಂದಿನಿತೂ ಹಾಸ್ಯವಿಲ್ಲದೆ ಹೇಳಿದ ಚಿತ್ರ ಅದು. ದೃಢಚಿತ್ತದ, ವೀರನಾದ ಬುಷ್ ಪಾತ್ರಕ್ಕೆ ಅವರು ಆರಿಸಿದ್ದು ಬಾಟಮ್ಸ್ ಅವರನ್ನೇ. ಎರಡು ವರ್ಷಗಳ ಹಿಂದೆ ಸೋಫಾದ ಮೇಲೆ ಪೆಚ್ಚಾಗಿ ಕೂತಿದ್ದ ಅದೇ ಮುಖ ಈಗ ಯುದ್ಧದ ಮಾತಾಡುತ್ತಿತ್ತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಇರಾಕ್ ಯುದ್ಧ ಆರಂಭವಾಗಿತ್ತು. ಹಾಸ್ಯದಲ್ಲಿ ಕಂಡ ಮುಖವೆಂದು ನಿರ್ಮಾಪಕರು ಹಿಂಜರಿಯಲಿಲ್ಲ. ಏಕೆ ಹಿಂಜರಿಯಬೇಕಿತ್ತು? ಆ ಎಂಟು ಕಂತುಗಳು ಆ ಮುಖವನ್ನು ನೋಯಿಸಿರಲಿಲ್ಲ, ಪರಿಚಯ ಮಾಡಿಕೊಟ್ಟಿದ್ದವು. ಪ್ರೇಕ್ಷಕರು ಆಗಲೇ ಅವನನ್ನು ಮನೆಯವನೆಂದು ಒಪ್ಪಿಕೊಂಡಾಗಿತ್ತು.